ನಾನು ಹೋಗಬಾರದಿದ್ದ ಮೂಲೆ

ನಾನು ಒಂದು ಹುಲ್ಲು ಕತ್ತರಿಸುವ ಯಂತ್ರ. ಕೊಯಮತ್ತೂರಿನ ಶೆಡ್ಡೊಂದರಲ್ಲಿ ನನಗೆ ಅಲಗು ಕೂರಿಸಿ ಹಸಿರು ಬಣ್ಣ ಬಳಿದರು. ಹುಬ್ಬಳ್ಳಿಯ ಹೋಟೆಲೊಂದರ ಅಂಗಳದಲ್ಲಿ ಆರು ವರ್ಷ ದುಡಿದೆ. ಅಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿದ ಮೇಲೆ ಧಾರವಾಡದ ಹೊಸ ಬಡಾವಣೆಯೊಂದಕ್ಕೆ ನನ್ನನ್ನು ಸಾಗಹಾಕಿದರು. ಎಲ್ಲಿದ್ದರೂ ನಾನು ಹೆಚ್ಚಾಗಿ ಕಂಡದ್ದು ಮನುಷ್ಯರ ಪಾದಗಳನ್ನೇ. ಇಲ್ಲಿ ನನ್ನನ್ನು ನೂಕುತ್ತಿದ್ದವನು ಮಾಲಿ ಫಕ್ಕೀರಪ್ಪ. ಅವನ ಹಿಮ್ಮಡಿ ತುಂಬ ಬಿರುಕು.

ಬಡಾವಣೆಯ ತೋಟದ ನಕ್ಷೆ ಬರೆದವರು ವೈಜಯಂತಿ ಮೇಡಂ. ತೋಟದ ಒಂದು ಮೂಲೆಗೆ ಕಲ್ಲು ನೆಟ್ಟು ಅವರು ಫಕ್ಕೀರಪ್ಪನಿಗೆ ಹೇಳಿದ್ದರು: “ಈ ಕಲ್ಲು ದಾಟಿ ಮಷೀನ್ ತರಬ್ಯಾಡ್ರಿ. ತುಂಬೆ, ತಂಗಡಿ, ಕವಳಿ ಗಿಡಾ ತಮ್ಮ ಪಾಡಿಗೆ ಬೆಳೀಲಿ. ಈ ಮಣ್ಣಿನ ಹಕ್ಕಿಗೆ ಈ ಮಣ್ಣಿನ ಗಿಡಾನ ಬೇಕು.”

“ಕಸಾ ಬೆಳಸಾಕ ಇಷ್ಟು ಓದಬೇಕೇನ್ರಿ?” ಎಂದು ಫಕ್ಕೀರಪ್ಪ ನಕ್ಕಿದ್ದ. ಆದರೂ ಮಾತು ಉಳಿಸಿಕೊಂಡ. ಮೇಡಂ ತಮ್ಮ ಕೆಲಸ ಮುಗಿಸಿ ಹೋದರು.

ವರ್ಷ ತುಂಬುವುದರೊಳಗೆ ಬಡಾವಣೆಯವರ ಗೊಣಗಾಟ ಶುರುವಾಯಿತು. ಹಾವು ಬರುತ್ತದೆ, ಸೊಳ್ಳೆ ಬರುತ್ತದೆ, ಬೀಗರು ಬಂದರೆ ಮರ್ಯಾದೆ ಹೋಗುತ್ತದೆ. ಫಕ್ಕೀರಪ್ಪನಿಗೆ ಒಂದು ಉಪಾಯ ಹೊಳೆಯಿತು. ಒಂದು ಸೋಮವಾರ ಬೆಳಿಗ್ಗೆ ಆ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಏನೂ ಅರಿಯದವನಂತೆ ನನ್ನನ್ನು ನೂಕಿಕೊಂಡು ಹೋದ. ಗೊಣಗಾಟ ಅಲ್ಲಿಗೆ ನಿಂತಿತು. ಅವನ ಜಾಣತನಕ್ಕೆ ಅವನೇ ಬೀಗಿದ.

ಮುಂದಿನ ಮಳೆಗಾಲಕ್ಕೆ ಗೌಜಲಕ್ಕಿಯ ಜೋಡಿಯೊಂದು ಬಂತು. ಹುಲ್ಲಿನ ಬುಡದಲ್ಲಿ ಆರು ತತ್ತಿ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಉರುಲು ಹಾಕಿ ಇದೇ ಹಕ್ಕಿಯನ್ನು ತಿಂದವನು ಫಕ್ಕೀರಪ್ಪ. ಈಗ ದಿನಾ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು, ಮರಿ ಯಾವಾಗ ಹೊರಬಂದಾವೆಂದು ಕಾಯತೊಡಗಿದ.

ಆದರೆ ಅಷ್ಟರಲ್ಲಿ ಕಲ್ಲಿಗೆ ಹೂ ಬಂದಿತ್ತು, ಕಾಯಿ ಬಂದಿತ್ತು. ಯಾರದೋ ಮಗಳಿಗೆ ಗಂಡು ಗೊತ್ತಾಗಿ ಹರಕೆಯ ಹಿತ್ತಾಳೆ ಗಂಟೆಯೂ ಬಂತು. ಬಡಾವಣೆಯ ಅಧ್ಯಕ್ಷ ಹೊಸಮನಿಯವರು ಒಂದು ದಿನ ಹೊಳೆಯುವ ಬೂಟು ತೊಟ್ಟು ಬಂದರು.

“ದೇವರನ್ನ ಮುಳ್ಳಾಗ ಕುಂಡ್ರಿಸಿದ್ರ ಹೆಂಗ ಫಕ್ಕೀರಪ್ಪ? ಶುಕ್ರವಾರ ಕಟ್ಟಿ ಕಟ್ಟಿಸೂದೈತಿ. ನಾಳೆ ಎಲ್ಲಾ ಸ್ವಚ್ಛ ಮಾಡು.”

“ಎಂಟು ದಿನಾ ತಡೀರಿ ಸಾಹೇಬ್ರ, ಒಳಗ ಹಕ್ಕಿ ಕಾವು ಕುಂತೈತಿ.”

“ಮುಹೂರ್ತ ಹಕ್ಕಿ ಕೇಳಿ ಇಡತಾರೇನು?”

ಫಕ್ಕೀರಪ್ಪನ ಪಾದಗಳು ಒಂದರ ಮೇಲೊಂದು ಉಜ್ಜಿಕೊಂಡವು. ಕೊನೆಗೆ ಅಂದ: “ಅದು ದೇವರಲ್ರೀ. ಕುಂಕುಮ ಹಚ್ಚಿದಾಂವ ನಾನ.”

ಅಧ್ಯಕ್ಷರು ಸಿಟ್ಟಾಗಲಿಲ್ಲ. ಕೈಮುಗಿದರು. “ನಿನ್ನ ಕೈಲೆ ಹಚ್ಚಿಸಿಕೊಂಡಾನ ಅಂದ್ರ ನೀ ಪುಣ್ಯವಂತ ಬಿಡು.”

ಮರುದಿನ ಮೊದಲು ಕುಡುಗೋಲು, ಆಮೇಲೆ ನಾನು. ಬೇರೆಯವರು ಬಂದರೆ ಗೂಡಿನ ಮೇಲೇ ಹಾಯಿಸಿಯಾರೆಂದು ಅವನೇ ನನ್ನನ್ನು ಹಿಡಿದ. ತುಂಬೆ ಹೋಯಿತು, ತಂಗಡಿ ಹೋಯಿತು. ಗೂಡಿನ ಸುತ್ತ ಒಂದು ಬುಟ್ಟಿಯಷ್ಟು ಹುಲ್ಲು ಬಿಟ್ಟು ನನ್ನನ್ನು ತಿರುಗಿಸಿದ. ಹಕ್ಕಿ ಹಾರಿಹೋಯಿತು, ಹಿಂದಿರುಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾಗೆಗಳು ಕೆಲಸ ಮುಗಿಸಿದ್ದವು. ನನಗೆ ಏನೂ ಅನಿಸಲಿಲ್ಲ. ಫಕ್ಕೀರಪ್ಪನಿಗೂ ಏನೂ ಅನಿಸಿದಂತೆ ಕಾಣಲಿಲ್ಲ. ಅವನು ನನ್ನ ಅಲಗು ಒರೆಸಿ, ಬುತ್ತಿ ಬಿಚ್ಚಿ ರೊಟ್ಟಿ ತಿಂದ.

ಈಗ ಆ ಮೂಲೆಯಲ್ಲಿ ಗ್ರಾನೈಟ್ ಕಟ್ಟೆಯಿದೆ. ಭಕ್ತರು ಹೆಚ್ಚಿದ್ದಕ್ಕೆ ಉಳಿದ ತೋಟಕ್ಕೂ ಫರಸಿ ಕಲ್ಲು ಹಾಸಿದರು. ಕತ್ತರಿಸಲು ಹುಲ್ಲಿಲ್ಲದೆ ನಾನು ಪಂಪ್‌ಹೌಸಿನ ಹಿಂದೆ ತುಕ್ಕು ಹಿಡಿಯುತ್ತಿದ್ದೇನೆ. ಫಕ್ಕೀರಪ್ಪ ಈಗ ಕಟ್ಟೆ ತೊಳೆಯುತ್ತಾನೆ, ಗಂಟೆ ಬಾರಿಸುತ್ತಾನೆ. ಬಿಳಿ ಧೋತರ ಕೊಟ್ಟಿದ್ದಾರೆ. ಅವನ ಕಾಲಿಗೆ ಜನ ಬೀಳುತ್ತಾರೆ.

ಪ್ರತಿ ಖಂಡೇನವಮಿಗೂ, ಆಯುಧಪೂಜೆಯ ದಿನ, ಅವನು ನನ್ನ ಅಲಗಿಗೆ ಕುಂಕುಮ ಹಚ್ಚುತ್ತಿದ್ದ. ಈ ವರ್ಷವೂ ಬಟ್ಟಲು ಹಿಡಿದು ಬಂದ, ಬೆರಳು ಅದ್ದಿದ, ನನ್ನ ಮುಂದೆ ಬಗ್ಗಿದ. ಬೆರಳು ಅಲಗಿನ ಹತ್ತಿರ ಬಂದು ನಿಂತಿತು. ಆಮೇಲೆ ಆ ಬೆರಳನ್ನು ಬಿಳಿ ಧೋತರಕ್ಕೆ ಒರೆಸಿಕೊಂಡು ಹೋದ.