ಬಾಯಿಲ್ಲದ ಡಬ್ಬಿ

ನನ್ನ ಷಡ್ಡಕರು ಮೊದಲ ಸಲ ನಮ್ಮ ಮನೆಗೆ ಬಂದ ದಿನ, ಕೂತ್ಕೊಳ್ಳಿ ಎಂದು ನಾನು ಕುರ್ಚಿ ಎಳೆಯುವಷ್ಟರಲ್ಲಿ, ನೆಟ್ಟಗೆ ಕಿಟಕಿಯ ಬಳಿ ಹೋಗಿ, ಪರದೆಯ ಅಂಚನ್ನೆತ್ತಿ ಬಾಯಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಸುದೀರ್ಘವಾದ ಒಂದು ಉಸಿರೆಳೆದರು. "ಅಯ್ಯೋ ಭಾವ, ಅದನ್ನ ಒಗೆದು ಮೂರು ತಿಂಗಳಾಯ್ತು!" ಎಂದು ನನ್ನ ಹೆಂಡತಿ ನಾಚಿಕೆಯಿಂದ ಕುಗ್ಗಿಹೋದಳು. ಅವರಿಗೆ ಅದರ ಪರಿವೆಯೇ ಇಲ್ಲ. "ಗಾಳಿ ಚೆನ್ನಾಗಿ ಬಿಡುತ್ತಮ್ಮ. ಆದ್ರೆ ಧೂಳನ್ನೂ ಬಿಡುತ್ತೆ," ಎಂದು ಪರದೆಗೆ ತೀರ್ಪು ಕೊಟ್ಟು, ಆಮೇಲೆ ಕೂತರು.

ಹೀಗೆ ಅವರ ಉಸಿರಿನ ಪರೀಕ್ಷೆಗೆ ಒಳಗಾಗದ ವಸ್ತು ನಮ್ಮ ಬಳಗದಲ್ಲಿ ಉಳಿದಿಲ್ಲ. ದಿಂಬಿನ ಹತ್ತಿ, ಸ್ಪಂಜು, ನನ್ನ ಉಣ್ಣೆಯ ಟೋಪಿ, ಎಲ್ಲದರ ಮೂಲಕವೂ ಆ ಮಹಾನುಭಾವರು ಉಸಿರಾಡಿದ್ದಾರೆ. ಅವರ ಕಸುಬೇ ಅಂಥದ್ದು. ಧೂಳಿನಲ್ಲಿ ದುಡಿಯುವವರ ಮೂಗು ಬಾಯಿ ಕಾಯುವ ಮಾಸ್ಕ್‌ಗಳ ಕಾರ್ಖಾನೆಯಲ್ಲಿ, ಮಾಸ್ಕಿನ ಕೆನ್ನೆಗೆ ತಿರುಗಿಸಿ ಕೂರಿಸುವ ಗಾಳಿಶೋಧಕದ ಡಬ್ಬಿಯನ್ನು ರೂಪಿಸುವವರು ಅವರು. ಬೂದು ಬಣ್ಣದ ಹಳೆಯ ಕೋಟೊಂದಕ್ಕೆ ಆರು ಜೇಬು. ಒಂದೊಂದರಲ್ಲೂ ಜಾಲರಿ, ಸ್ಪ್ರಿಂಗ್, ರಬ್ಬರ್ ಉಂಗುರ, ಮುಚ್ಚಳ. ಬರುವುದಕ್ಕೆ ಮೊದಲೇ ಅವರ ಸದ್ದು ಬರುತ್ತಿತ್ತು. ಮೆಟ್ಟಿಲು ಹತ್ತುವಾಗ ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ತಮ್ಮ ಉಸಿರನ್ನೇ ಎಣಿಸುತ್ತಿದ್ದುದರಿಂದ, ಆ ಝಣತ್ಕಾರ ನಮ್ಮ ಬಾಗಿಲು ಮುಟ್ಟುವಷ್ಟರಲ್ಲಿ ನೀರು ಕುದಿದು ಚಹಾ ಸಿದ್ಧವಾಗಿರುತ್ತಿತ್ತು.

ಅವರ ನಾಲಿಗೆಯ ತುದಿಯಲ್ಲಿ ಸದಾ ಒಂದೇ ಪ್ರಶ್ನೆ: "ತಾಳಿ, ಇದು ಇಲ್ಲದಿದ್ರೆ ಏನಾಗುತ್ತೆ?" ಆ ಪ್ರಶ್ನೆಯನ್ನು ಹಿಡಿದೇ ಒಮ್ಮೆ ನಮ್ಮ ಗೋಡೆ ಗಡಿಯಾರವನ್ನು ಬಿಚ್ಚಿ, ಮತ್ತೆ ಜೋಡಿಸಿ, ಉಳಿದ ಎರಡು ತಿರುಪುಗಳನ್ನು ನನ್ನ ಅಂಗೈಯಲ್ಲಿಟ್ಟರು. "ನೋಡಿ, ಇವು ಬೇಕಾಗಿರಲೇ ಇಲ್ಲ!" ಗಡಿಯಾರ ಇಂದಿಗೂ ನಡೆಯುತ್ತಿದೆ, ದಿನಕ್ಕೆ ಹತ್ತು ನಿಮಿಷ ಹಿಂದೆ. ಷಡ್ಡಕರ ಜೊತೆ ಯಾರು ವಾದಕ್ಕಿಳಿಯುತ್ತಾರೆ?

ಇಂಥ ಮನುಷ್ಯ ರೂಪಿಸಿದ ಮೊದಲ ಡಬ್ಬಿಯಲ್ಲಿ ಒಂಬತ್ತು ಭಾಗಗಳಿದ್ದವು ಎಂದರೆ ನಂಬುವುದು ಕಷ್ಟ. ಅದರ ತಿರುಗಿಸುವ ಮುಚ್ಚಳವೆಂದರೆ ಅವರಿಗೆ ಪ್ರಾಣ. ಡಬ್ಬಿಯನ್ನೇ ಎಸೆಯುವ ಬದಲು ಮುಚ್ಚಳ ತೆಗೆದು ಒಳಗಿನ ಶೋಧಕದ ಬಿಲ್ಲೆಯನ್ನಷ್ಟೇ ಬದಲಿಸಿಕೊಳ್ಳಲಿ ಎಂಬುದು ಅವರ ಯುಕ್ತಿ. ಆ ಡಬ್ಬಿಯನ್ನು ಮೊದಲು ತೊಟ್ಟವರಲ್ಲಿ ಅವರ ಸ್ವಂತ ಅಕ್ಕನೂ ಒಬ್ಬರು. ಅಕ್ಕ ಕಲ್ಲು ನಯಗೊಳಿಸುವ ಶೆಡ್ಡಿನಲ್ಲಿ ಮೂವತ್ತು ವರ್ಷ ದುಡಿದವರು. ತಾಯಿಯಿಲ್ಲದ ತಮ್ಮನನ್ನು ಆ ಕಲ್ಲುಪುಡಿಯ ಕೂಲಿಯಲ್ಲೇ ಓದಿಸಿದವರು.

ಡಬ್ಬಿ ತೊಟ್ಟು ಒಂದು ವರ್ಷ ಕಳೆದರೂ ಅಕ್ಕನ ಹಳೆಯ ಕೆಮ್ಮು ನಿಲ್ಲಲಿಲ್ಲ. ವೈದ್ಯರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, ಧೂಳು ಶ್ವಾಸಕೋಶದಲ್ಲಿ ನೆಲೆಯೂರಿದೆ, ಹೋದ ಉಸಿರು ಮರಳಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು, ಇನ್ನು ಧೂಳು ಕೂಡದು ಎಂದರು. ಶೆಡ್ಡು ಬಿಡುವ ಮಾತಿಗೆ ಅಕ್ಕ ಕಿವಿಗೊಡಲಿಲ್ಲ. "ನನ್ನ ಕೈ ಕಲ್ಲಿನ ಮೇಲಿದ್ರೇನೇ ಕಣೋ ನಾನು ನೆಟ್ಟಗಿರೋದು," ಎಂದುಬಿಟ್ಟರು. ಎಲ್ಲಕ್ಕೂ "ಇದು ಇಲ್ಲದಿದ್ರೆ" ಎನ್ನುವ ಷಡ್ಡಕರ ಬಾಯಿಂದ ಅಂದು ಮಾತ್ರ ಆ ಪ್ರಶ್ನೆ ಹೊರಡಲಿಲ್ಲ. ಆಸ್ಪತ್ರೆಯಿಂದ ಬರುವ ದಾರಿಯುದ್ದಕ್ಕೂ ಒಂದೇ ಗುನುಗು: "ಮಾಸ್ಕ್ ಹಾಕ್ಕೊಂಡೂ ಧೂಳು ಎಲ್ಲಿಂದ ಹೋಯ್ತು?"

ಮುಂದಿನ ಭಾನುವಾರ ನನ್ನನ್ನೂ ಎಳೆದುಕೊಂಡು ಅಕ್ಕನ ಮನೆಗೆ ಹೋದರು. ಹಿತ್ತಲಿನ ಹಗ್ಗದ ಮೇಲೆ, ಕಾಲುಚೀಲಗಳ ಪಕ್ಕದಲ್ಲಿ, ಎಂಟು ಶೋಧಕದ ಬಿಲ್ಲೆಗಳು ಕ್ಲಿಪ್ಪು ಕಚ್ಚಿಕೊಂಡು ಬಿಸಿಲು ಕಾಯುತ್ತಿದ್ದವು. ಅಕ್ಕ ಹೆಮ್ಮೆಯಿಂದ ಬೀಗಿದರು. "ವಾರ ವಾರ ಸೋಪು ಹಾಕಿ ತೊಳೀತೀನಿ. ನೋಡೋ, ಹೊಸದಕ್ಕಿಂತ ಬೆಳ್ಳಗಿದಾವೆ! ಶೆಡ್ಡಲ್ಲಿ ಎಲ್ಲರಿಗೂ ಹೇಳಿಕೊಟ್ಟಿದೀನಿ."

ಷಡ್ಡಕರ ಮುಖ ಬಿಳಿಚಿಕೊಂಡಿತು. ಒಂದು ಬಿಲ್ಲೆಯನ್ನು ಜೇಬಿಗಿಳಿಸಿಕೊಂಡು ಬಂದು, ತಮ್ಮ ಮನೆಯ ಬಚ್ಚಲಿನಲ್ಲಿ ಫ್ಯಾನಿಟ್ಟು ಕಲ್ಲುಪುಡಿ ಹಾರಿಸಿ, ಬಾಯಿಗೆ ಬಿಳಿಯ ಬಟ್ಟೆ, ಅದರ ಮೇಲೆ ಮಾಸ್ಕು ಕಟ್ಟಿಕೊಂಡು, ಹೊಸ ಬಿಲ್ಲೆ ಹಾಕಿ ಅರ್ಧ ಗಂಟೆ, ತೊಳೆದದ್ದು ಹಾಕಿ ಅರ್ಧ ಗಂಟೆ ಕೂತರು. ಹೊರಗೆ ಅವರ ಹೆಂಡತಿ, "ಈ ಮನೇಲಿ ಸ್ನಾನ ಮಾಡೋಕೂ ಪುಣ್ಯ ಬೇಕು," ಎಂದು ಬಾಗಿಲು ಬಡಿಯುತ್ತಿದ್ದರು. ಹೊಸ ಬಿಲ್ಲೆಯ ಹಿಂದಿನ ಬಟ್ಟೆ ಬೆಳ್ಳಗೇ ಇತ್ತು. ತೊಳೆದದ್ದರ ಹಿಂದಿನದು ಬೂದು ಬಣ್ಣಕ್ಕೆ ತಿರುಗಿತ್ತು. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಸೆಳೆಯುತ್ತದಲ್ಲ, ಅಂಥದೇ ಒಂದು ವಿದ್ಯುತ್ತು ಆ ಎಳೆಗಳಲ್ಲಿರುತ್ತದಂತೆ. ಸೋಪಿನ ನೀರು ಮುಟ್ಟಿದರೆ ಅದು ಸತ್ತುಹೋಗುತ್ತದೆ. ಬಿಲ್ಲೆ ನೋಡಲು ಸ್ವಚ್ಛ, ಒಳಗೆ ನಿರ್ಜೀವ.

"ತೊಳೀಬೇಡಿ ಅಂತ ಬರೆದಿರಲಿಲ್ವಾ?" ಎಂದೆ.

"ಬರೆದಿತ್ತು. ಮುಚ್ಚಳದ ಒಳಗಡೆ, ಇರುವೆ ಗಾತ್ರದ ಅಕ್ಷರದಲ್ಲಿ." ಬಿಲ್ಲೆಯನ್ನು ಅಂಗೈಯಲ್ಲಿ ತಿರುವುತ್ತ ಹೇಳಿದರು, "ಚೊಕ್ಕಟವಾಗಿ ಬದುಕೋ ಹೆಂಗಸಿನ ಕೈಗೆ ತೆರೆಯೋ ಡಬ್ಬಿ ಕೊಟ್ಟರೆ ತೊಳೀದೆ ಇರ್ತಾಳಾ? ತಪ್ಪು ಅಕ್ಕನದಲ್ಲ, ಮುಚ್ಚಳದ್ದು. ಆ ಮುಚ್ಚಳ ನಂದು." ಹೇಳುತ್ತ ಹೇಳುತ್ತ ಅತ್ತುಬಿಟ್ಟರು.

ಅಂದೇ ಶೆಡ್ಡಿಗೆ ಹೊಸ ಬಿಲ್ಲೆಗಳನ್ನು ಹೊತ್ತುಹಾಕಿ, ಪ್ರತಿ ಭಾನುವಾರ ಅಕ್ಕನ ಹಿತ್ತಲಿನ ಹಗ್ಗವನ್ನು ಕಾವಲು ಕಾಯುತ್ತ, ಉಳಿದ ದಿನಗಳಲ್ಲಿ ಡಬ್ಬಿಯಿಂದ ಒಂದೊಂದೇ ಭಾಗವನ್ನು ಕಳೆಯತೊಡಗಿದರು. ಸ್ಪ್ರಿಂಗ್ ಹೋಯಿತು, ಜಾಲರಿಗಳು ಹೋದವು, ಕೊನೆಗೆ ಪ್ರಾಣಪ್ರಿಯವಾದ ಮುಚ್ಚಳವೂ ಹೋಯಿತು. ಕೋಟಿನ ಜೇಬುಗಳು ಒಂದೊಂದಾಗಿ ಮೌನವಾದವು; ನಮ್ಮ ಚಹಾದ ಲೆಕ್ಕ ತಪ್ಪಿತು. ಎಂಟು ತಿಂಗಳಿಗೆ ಉಳಿದದ್ದು ಮೂರೇ: ಎರಡು ಚಿಪ್ಪು, ನಡುವೆ ಒಂದು ಬಿಲ್ಲೆ. ಚಿಪ್ಪಿನ ಅಂಚನ್ನು ಕಾಯಿಸಿ ಬೆಸೆದರೆ ಮುಗಿಯಿತು. ಉಸಿರೆಳೆಯುವುದು ಭಾರವಾದಾಗ ಇಡಿಯಾಗಿ ಎಸೆಯಬೇಕು.

ಅದನ್ನು ಕೊಡಲು ಶೆಡ್ಡಿಗೆ ಹೋದಾಗ ನಾನೂ ಜೊತೆಗಿದ್ದೆ. ಅಕ್ಕ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು, ಅಂಚಿಗೆ ಉಗುರು ಹಾಕಿದರು, ತಲೆಯಿಂದ ಪಿನ್ನು ತೆಗೆದು ಮೀಟಿದರು, ಕಲ್ಲಿನ ಮೇಲೆ ಎರಡು ಸಲ ಕುಟ್ಟಿದರು. ಷಡ್ಡಕರು ಉಸಿರು ಬಿಗಿಹಿಡಿದು ನಿಂತಿದ್ದರು. ಡಬ್ಬಿ ಜಪ್ಪಯ್ಯ ಎನ್ನಲಿಲ್ಲ.

"ಇದರ ಬಾಯಿ ಎಲ್ಲಿದೆಯೋ?"

"ಬಾಯಿಲ್ಲ ಅಕ್ಕ."

"ಮತ್ತೆ ತೊಳೆಯೋದು?"

"ಆಗಲ್ಲ."

"ಥೂ, ಇಷ್ಟು ಓದಿ ಬಾಗಿಲಿಲ್ಲದ ಮನೆ ಕಟ್ಟಿದೆಯಲ್ಲೋ ದಡ್ಡ!"

ಬೈಗುಳ ಕೇಳಿ ಷಡ್ಡಕರ ಮುಖ ಅರಳಿತು. ಸಂಜೆ ಅಕ್ಕ ಮಾಸ್ಕು ಬಿಚ್ಚಿದಾಗ, ಷಡ್ಡಕರು ಬೆಳಿಗ್ಗೆ ತಾವೇ ಒಳಗಿಟ್ಟಿದ್ದ ಬಟ್ಟೆಯನ್ನು ತೆಗೆದು ಬೆಳಕಿಗೆ ಹಿಡಿದರು. ಹುಬ್ಬು, ರೆಪ್ಪೆ, ಸೆರಗು ಎಲ್ಲ ಕಲ್ಲುಪುಡಿಯಲ್ಲಿ ಮುಳುಗಿದ್ದ ಆ ಹೆಂಗಸಿನ ಮುಂದೆ ಬಟ್ಟೆಯೊಂದೇ ಬೆಳ್ಳಗಿತ್ತು. "ಏನಿದೆ ಅದ್ರಲ್ಲಿ, ಅಷ್ಟು ಹೊತ್ತು ನೋಡ್ತೀಯ?" ಎಂದರು ಅಕ್ಕ. "ಏನೂ ಇಲ್ಲ," ಎಂದು ಷಡ್ಡಕರು ಅದನ್ನು ನಾಲ್ಕು ಮಡಿಕೆ ಮಾಡಿ, ಖಾಲಿಯಾಗಿದ್ದ ಕೋಟಿನ ಜೇಬಿನಲ್ಲಿಟ್ಟುಕೊಂಡರು.

ಲೋಕಕ್ಕೆ ಹೊಸದನ್ನು ಸೇರಿಸಿದವರನ್ನು ನಾವು ಕರೆದು ಕೂರಿಸಿ ಕೊಂಡಾಡುತ್ತೇವೆ; ಅವರು ಬೆರಳು ತೋರಿ, ಇದು ನನ್ನದು ಎನ್ನಬಲ್ಲರು. ತಮ್ಮದೇ ಜಾಣತನವನ್ನು ತಾವೇ ಕಿತ್ತುಹಾಕಿ, ಇನ್ನೊಬ್ಬರ ಕೈ ತಪ್ಪಲು ಎಡೆಯೇ ಇಲ್ಲದಂತೆ ಮಾಡುವ ಇಂಥವರಿಗೆ ಆ ಭಾಗ್ಯವಿಲ್ಲ. ಅವರ ಜೀವಮಾನದ ದುಡಿಮೆಗೆ ಸಾಕ್ಷಿ ಕೇಳಿದರೆ ಜೇಬಿನಿಂದ ಏನೂ ಅಂಟದ ಒಂದು ಬಟ್ಟೆಯ ತುಂಡನ್ನು ತೆಗೆದು ತೋರಿಸಬೇಕು, ಅಷ್ಟೆ. ಮತ್ತೆ ಅದನ್ನು ನೋಡಿ ಅಳು ಬರುವುದು ಅದರಲ್ಲಿ ಏನಿರಬಹುದಿತ್ತೆಂದು ಗೊತ್ತಿದ್ದವರಿಗೆ ಮಾತ್ರ.