ಎರಡು ಅಂಚಿನ ಅಜ್ಜಿ

ಆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಪಿಸು ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ ದಿನ ಎದ್ದು ನಿಂತು ತನ್ನ ಪರಿಚಯ ಹೇಳಿಕೊಂಡಾಗ ಅವಳ ದನಿ ಎದುರಿನ ಮೇಜನ್ನೂ ದಾಟಿರಲಿಲ್ಲ. ಅವತ್ತು ಪಿಸುಮಾತು ಅಂತಾಯಿತು, ವಾರ ಕಳೆಯುವುದರೊಳಗೆ ಸವೆದು ಪಿಸು ಆಯಿತು. ಅವಳಿಗೇನೂ ಬೇಸರವಿರಲಿಲ್ಲ. ಅವಳದು ಮಾತಾಡುವ ಕೆಲಸವಲ್ಲ, ಬರೆಯುವ ಕೆಲಸ. ಡ್ರೈಕ್ಲೀನಿಂಗ್ ಅಂಗಡಿಯ ಮೇಲಿದ್ದ ಎರಡು ಕೋಣೆಗಳಲ್ಲಿ ಆ ಪುಟ್ಟ ಕಂಪನಿ ವಂಶವೃಕ್ಷದ ಸಾಫ್ಟ್‌ವೇರ್ ಮಾಡುತ್ತಿತ್ತು. ಯಾರಿಗೆ ಯಾರು ಮಗ, ಯಾರಿಗೆ ಯಾರು ಹೆಂಡತಿ ಎಂದು ತುಂಬಿಸಿದರೆ ಸಾಕು, ಕಂಪ್ಯೂಟರ್ ಗೆರೆ ಎಳೆದು ಮರ ಮಾಡಿಕೊಡುತ್ತಿತ್ತು. ಗಿರಾಕಿಗಳ ದೂರಿಗೆ, ಪ್ರೋಗ್ರಾಂ ಬರೆಯುವವನು ಕೊಟ್ಟ ಒಕ್ಕಣೆಯಲ್ಲೇ, ಉತ್ತರ ಬರೆಯುವವಳು ಪಿಸು. ಕೆಳಗಿನ ಇಸ್ತ್ರಿಯ ಹಬೆ ಮೇಲೇರಿ ಬಂದು ಅವಳ ಕಿಟಕಿಯ ಗಾಜನ್ನು ಸದಾ ಮಬ್ಬು ಮಾಡಿರುತ್ತಿತ್ತು. ಹೊರಗಿನವರಿಗೆ ತಾನು ಕಾಣುವುದಿಲ್ಲ ಎಂದು ಅವಳಿಗದು ಇಷ್ಟ.

ಆ ದಿನ ಸಂಜೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಹೊರಬೀಳುವುದಿತ್ತು. ಬೆಳಗಿನಿಂದ ಪಿಸು ಒಂದೇ ಉತ್ತರವನ್ನು ಬರೆದು ಬರೆದು ಅಳಿಸುತ್ತಿದ್ದಳು.

ಕಾರಣ ಒಂದು ನಿಯಮ. ಒಂದೇ ವ್ಯಕ್ತಿ ಮರದಲ್ಲಿ ಎರಡು ಕಡೆ ಕಂಡರೆ ಅದನ್ನು ತಪ್ಪೆಂದು ತಿಳಿಯುವುದು ಆ ಸಾಫ್ಟ್‌ವೇರಿನ ಹುಟ್ಟುಗುಣ. ಹಳೆಯ ಆವೃತ್ತಿಯಾದರೆ ಸುತ್ತ ಕೆಂಪು ಚೌಕಟ್ಟು ಹಾಕಿ, ‘ತಪ್ಪು’ ಎಂದು ಗದರಿಸಿ ಸುಮ್ಮನಾಗುತ್ತಿತ್ತು. ಹೊಸದು ಹಾಗಲ್ಲ, ಹೇಳದೆ ಕೇಳದೆ ಒಂದನ್ನು ಅಳಿಸಿಯೇ ಬಿಡುತ್ತಿತ್ತು.

ಪಿಸು ಯಾರಿಗೂ ಹೇಳದೆ ಅದರಲ್ಲಿ ತನ್ನ ಮನೆಯನ್ನೇ ತುಂಬಿಸಿ ನೋಡಿದ್ದಳು. ಅವಳ ಅಮ್ಮ ಮದುವೆಯಾದದ್ದು ಸ್ವಂತ ಸೋದರತ್ತೆಯ ಮಗನನ್ನು. ಅಮ್ಮನ ಕಡೆಯಿಂದ ಹತ್ತಿದರೂ ಅಪ್ಪನ ಕಡೆಯಿಂದ ಹತ್ತಿದರೂ ತುದಿಯಲ್ಲಿ ಕೂತಿರುವವಳು ಒಬ್ಬಳೇ ಮುತ್ತಜ್ಜಿ. ಕಂಪ್ಯೂಟರ್ ಒಂದು ಗುಕ್ಕಿಗೆ ಅವಳನ್ನು ಅಪ್ಪನ ಕಡೆಯಿಂದ ನುಂಗಿಹಾಕಿತು. ಅಪ್ಪನ ತಾಯಿ ಹೆತ್ತವರಿಲ್ಲದ ತಬ್ಬಲಿಯಾಗಿ ನಿಂತಳು. ಅವಳಿಗೂ ಅಮ್ಮನ ತಂದೆಗೂ ಇದ್ದ ಅಣ್ಣ-ತಂಗಿ ಸಂಬಂಧ ಕಡಿದುಬಿತ್ತು.

ಆಗಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಅಮ್ಮ ಇವತ್ತಿಗೂ ಅಪ್ಪನನ್ನು ‘ಭಾವ’ ಅಂತಲೇ ಕರೆಯುವುದು. ಕಾಲೇಜಿನ ಗೆಳತಿಯರು ಮನೆಗೆ ಬಂದಾಗ ಅದನ್ನು ಕೇಳಿಸಿಕೊಂಡು, “ಅವರು ನಿಂಗೆ ಅಪ್ಪನೋ ನೆಂಟನೋ?” ಎಂದು ಬಿದ್ದು ಬಿದ್ದು ನಕ್ಕಿದ್ದರು. ಅಂದು ಬಾಯಿಗೆ ಹಾಕಿಕೊಂಡ ಬೀಗ ಅದು. ಮೊನ್ನೆ ಚಹಾದ ಹೊತ್ತಿನಲ್ಲಿ ಸಂಬಂಧದೊಳಗಿನ ಮದುವೆಯ ವಿಷಯವೇ ಬಂದಾಗ, ಪ್ರೋಗ್ರಾಂ ಬರೆಯುವ ಗುಂಗುರುಗೂದಲಿನವ, ಎಲ್ಲರ ಬಾಯಲ್ಲಿ ಗುಂಗುರ, “ಅಂಥ ಮನೆಗಳದ್ದು ಮರ ಅಲ್ಲ ಮಾರಾಯ್ರೆ, ಜೇಡರ ಬಲೆ” ಎಂದಿದ್ದ. ಎಲ್ಲರೂ ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಪಿಸು ಖಾಲಿ ಲೋಟದಲ್ಲಿ ಮುಖ ಹುದುಗಿಸಿದ್ದಳು.

ಮಧ್ಯಾಹ್ನ ಮೆಟ್ಟಿಲು ಹತ್ತಿ ಒಬ್ಬ ಹೆಂಗಸು ಬಂದಳು. ಕೊರಳಲ್ಲಿ ಅಳತೆ ಟೇಪು, ಸೆರಗಿಗೆ ಚುಚ್ಚಿದ ಗುಂಡುಸೂಜಿಗಳು, ಕಂಕುಳಲ್ಲಿ ಸುರುಳಿ ಸುತ್ತಿದ ದೊಡ್ಡ ಕಾಗದ. ಅರವತ್ತು ದಾಟಿದ ದರ್ಜಿ.

“ನನಗೆ ಉತ್ತರ ಬರೆದೋರು ಯಾರಮ್ಮ?”

ಪಿಸು ಕೈಯನ್ನು ಅರ್ಧ ಎತ್ತಿದಳು.

“ನೀನಾ ತಾಯಿ? ‘ದಯವಿಟ್ಟು ವಿವರಗಳನ್ನು ಸರಿಪಡಿಸಿಕೊಳ್ಳಿ’ ಅಂತ ಬರೆದಿದ್ದೀಯ. ಯಾವುದನ್ನ ಸರಿಪಡಿಸಿಕೊಳ್ಳಲಿ? ಗಂಡನ್ನ ಬದಲಾಯಿಸ್ಲಾ? ಈ ವಯಸ್ಸಲ್ಲಿ ಇನ್ನೊಬ್ಬನನ್ನ ಪಳಗಿಸೋಕೆ ನನ್ ಕೈಲಾಗಲ್ಲ.”

ಗುಂಗುರ ಕಿಸಕ್ಕೆಂದ. ಒಳಕೋಣೆಯಿಂದ ಮೇಡಂ, ಅಂದರೆ ಕಂಪನಿಯ ಯಜಮಾನಿ, ಎದ್ದು ಬಂದರು.

ದರ್ಜಿ ಕಾಗದವನ್ನು ಮೇಜಿನ ಮೇಲೆ ಬಿಡಿಸಿದಳು. ನಟ್ಟನಡುವೆ ಅವಳೂ ಅವಳ ಗಂಡನೂ. ಎಡ ಅಂಚಿನಲ್ಲಿ ಅವಳ ತಾಯಿಯ ತಾಯಿ, ಬಲ ಅಂಚಿನಲ್ಲಿ ಗಂಡನ ತಂದೆಯ ತಾಯಿ. ಎರಡೂ ಕಡೆ ಅದೇ ಮುಖ, ಅದೇ ಹಳೆಯ ಫೋಟೊ, ಸುತ್ತಲೂ ಕೆಂಪು ಚೌಕಟ್ಟು, ಕೆಳಗೆ ‘ತಪ್ಪು’.

“ನಮ್ಮೋರು ನಂಗೆ ಮೊದ್ಲು ಮಾವನ ಮಗ, ಆಮೇಲೆ ಗಂಡ. ಇಬ್ರೂ ಒಬ್ಬಳೇ ಅಜ್ಜಿಯ ಕೈತುತ್ತು ತಿಂದು ಬೆಳೆದೋರು. ಇದನ್ನ ಮಗಳ ಹೊಸ ಮನೆ ಗೋಡೆಗೆ ಹಾಕೋಣ ಅಂದ್ಕೊಂಡೆ. ಅಜ್ಜಿ ಮುಖಕ್ಕೆ ತಪ್ಪು ಅಂತ ಮುದ್ರೆ ಒತ್ತಿ ಹೆಂಗೆ ಕೊಡ್ಲಿ?”

ಮೇಡಂ ಮೆಲ್ಲಗೆ ಕೇಳಿದರು: “ಈಗ ಇಂಥ ಮದುವೆ ಬೇಡ ಅಂತಾರಲ್ಲ, ಅಮ್ಮ?”

“ಬೇಡ ಅಂದ್ರೆ ಬೇಡ ಬಿಡಿ. ಡಾಕ್ಟರು ಹೇಳೋದ್ರಲ್ಲೂ ಅರ್ಥ ಇದೆ. ನನ್ ಮಗಳು ಹೊರಗಿನೋನನ್ನೇ ಮೆಚ್ಚಿಕೊಂಡ್ಳು, ನಾನೇ ಮುಂದೆ ನಿಂತು ಮಾಡಿಸ್ದೆ. ನಾಳೆ ಆಗೋದನ್ನ ನಾಳೆಯೋರು ನೋಡ್ಕೊಳ್ತಾರೆ. ಆಗಿ, ಬಾಳಿ, ಹಣ್ಣಾದ ಮದುವೇನ ನಿಮ್ಮ ಯಂತ್ರ ಯಾಕೆ ಬೈಬೇಕು?”

ಮೇಡಂ ಗುಂಗುರನ ಕಡೆ ತಿರುಗಿದರು. “ಇಂಥವು ಎಷ್ಟಿರಬಹುದು?”

“ಸಾವಿರಕ್ಕೊಂದು. ಇದಕ್ಕೋಸ್ಕರ ಹೊಸದನ್ನ ನಿಲ್ಸೋಕಾಗಲ್ಲ ಮೇಡಂ. ಕಾಗದದ ಮೇಲೆ ಒಬ್ಬರನ್ನ ಎರಡು ತುದೀಲಿ ಹೆಂಗೆ ತೋರಿಸ್ಲಿ? ಗೆರೆ ಎಳೆದ್ರೆ ಎಲ್ಲರ ಮುಖದ ಮೇಲೆ ಹಾದು ಹೋಗುತ್ತೆ.”

ದರ್ಜಿ ಕಾಗದದ ಮೂಲೆಯನ್ನು ಬಟ್ಟೆಯ ಸುಕ್ಕಿನಂತೆ ಬೆರಳಿನಿಂದ ನೀವತೊಡಗಿದಳು. ಮೇಡಂ ಕಣ್ಣು ಗಡಿಯಾರದ ಕಡೆ ಹೋಯಿತು. ಇನ್ನೇನು, “ಇರಲಿ ಬಿಡು” ಎನ್ನುವವರಿದ್ದರು. ಅಂದುಬಿಟ್ಟರೆ ಸಂಜೆಯೊಳಗೆ ಈ ಹೆಂಗಸಿನ ಅಜ್ಜಿಯೂ ಹೋದಳು, ತನ್ನ ಮುತ್ತಜ್ಜಿಯೂ ಹೋದಳು.

ಪಿಸು ಎದ್ದಳು.

“ಎರಡು” ಎಂದಳು.

“ಏನು?” ಗುಂಗುರ ಕಿವಿ ಮುಂದೆ ಮಾಡಿದ.

“ಸಾವಿರಕ್ಕೊಂದಲ್ಲ. ಈ ಕೋಣೇಲೇ ಇಬ್ರಿದೀವಿ. ನಮ್ಮ ಅಪ್ಪ ಅಮ್ಮನೂ ಹಾಗೇ. ಅತ್ತೆ ಮಗ, ಮಾವನ ಮಗಳು.”

ಕೆನ್ನೆ ಕಾದ ಇಸ್ತ್ರಿಪೆಟ್ಟಿಗೆಯಂತಾಯಿತು. ನಗು ಕೇಳಿಸುತ್ತದೆಂದು ಕಾದಳು. ಬುಸ್ಸೆಂದದ್ದು ಕೆಳಗಿನ ಇಸ್ತ್ರಿಯ ಹಬೆ ಮಾತ್ರ. ಇನ್ನು ಬಾಯಿಂದ ಆಗದು ಅನ್ನಿಸಿ, ಕೈಚಾಚಿ ಆ ಕಾಗದವನ್ನು ಎತ್ತಿಕೊಂಡಳು. ಚಿತ್ರವನ್ನು ಹೊರಮುಖ ಮಾಡಿ, ಬಗ್ಗಿಸಿ, ಎಡದ ಅಂಚನ್ನು ಬಲದ ಅಂಚಿಗೆ ತಂದಳು. ಎಡದ ಅಜ್ಜಿ ಬಲದ ಅಜ್ಜಿಯ ಮೇಲೆ ಸರಿಯಾಗಿ ಕೂತಳು. ಕಾಗದ ಈಗ ಒಂದು ಕೊಳವೆ. ಅಜ್ಜಿ ಒಬ್ಬಳೇ. ಅವಳಿಂದ ಹೊರಟ ಎರಡು ಗೆರೆಗಳು ಒಂದು ಆ ಕಡೆಯಿಂದ, ಇನ್ನೊಂದು ಈ ಕಡೆಯಿಂದ ಸುತ್ತಿ ಬಂದು ದರ್ಜಿ ದಂಪತಿಯ ಹತ್ತಿರ ಕೂಡಿದವು. ಯಾರ ಮುಖವನ್ನೂ ತುಳಿಯಲಿಲ್ಲ.

“ಅಯ್ಯೋ, ತೋಳು” ಎಂದಳು ದರ್ಜಿ. “ರವಿಕೆ ತೋಳು ಹಿಂಗೇ ಅಲ್ವಾ ಹೊಲಿಯೋದು? ಬಿಡಿಸಿದ್ರೆ ಎರಡು ಅಂಚು, ಕೂಡಿಸಿದ್ರೆ ಒಂದೇ ಹೊಲಿಗೆ.” ಸೆರಗಿನಿಂದ ಒಂದು ಗುಂಡುಸೂಜಿ ಕಿತ್ತು ಅಂಚಿಗೆ ಚುಚ್ಚಿದಳು.

ಗುಂಗುರ ಕೊಳವೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿದ. ಇನ್ನೊಮ್ಮೆ ತಿರುಗಿಸಿದ. ಒಳಗೆ ಇಣುಕಿಯೂ ನೋಡಿದ.

“ನಾನು ಕಾಗದ ಚಪ್ಪಟೆ ಅಂತಲೇ ಲೆಕ್ಕ ಹಿಡಿದಿದ್ದೆ” ಎಂದ. “ಎರಡು ಕಡೆ ಇದ್ರೂ ಒಬ್ಬರೇ ಅಂತ ಒಪ್ಕೊಂಡು, ಅಂಚಿಗೊಂದು ಗುರುತು ಕೊಟ್ರೆ ಸಾಕು. ಅಳಿಸೋದೇ ಬೇಡ.” ಆಮೇಲೆ ಪಿಸುವಿನ ಕಡೆ ನೋಡದೆ ತಲೆ ಕೆರೆದುಕೊಂಡ. “ನಿಮ್ಮನೆ ಫೈಲು ಕೊಡ್ತೀಯಾ? ಪರೀಕ್ಷೆ ಮಾಡೋಕೆ ಬೇಕು. ಜೇಡರ ಬಲೆ ಅಂದ ನಾನೇ ಅದ್ರಲ್ಲಿ ಸಿಕ್ಕಿಹಾಕ್ಕೊಂಡೆ.”

“ಬೈಯೋ ಹಾಗಿದ್ರೆ ಕೊಡಲ್ಲ” ಎಂದಳು ಪಿಸು. ಈ ಸಲ ಅವನು ಕಿವಿ ಮುಂದೆ ಮಾಡಬೇಕಾಗಲಿಲ್ಲ.

“ಸಂಜೆಗೆ ಬೇಡ. ಸರಿಯಾದ ಮೇಲೆ ಹೊರಗೆ ಬಿಡೋಣ” ಎಂದರು ಮೇಡಂ. “ಪಿಸು, ಯಾಕೆ ತಡ ಅಂತ ಗಿರಾಕಿಗಳಿಗೆ ನೀನು ಬರಿ. ಈ ಸಲ ಗುಂಗುರ ಕೊಟ್ಟ ಒಕ್ಕಣೆ ಅಲ್ಲ, ನಿನ್ನದೇ ಮಾತು.”

ದರ್ಜಿಯ ಹೊಸ ಕಾಗದ ಕೆಂಪಿಲ್ಲದೆ ಅಚ್ಚಾಗಿ ಹೋದ ದಿನ, ಪಿಸು ತನ್ನ ಮನೆಯದ್ದನ್ನೂ ಅಚ್ಚು ಹಾಕಿಸಿದಳು. ಮನೆಗೆ ಬಂದು, ಊಟದ ಮೇಜಿನ ಮೇಲಿದ್ದ ದೀಪಕ್ಕೆ ಅದನ್ನು ಸುತ್ತಿ, ಅಂಚಿಗೆ ಗುಂಡುಸೂಜಿ ಚುಚ್ಚಿ, ಸ್ವಿಚ್ ಒತ್ತಿದಳು. ಬೆಳಕಿನಲ್ಲಿ ಮುತ್ತಜ್ಜಿಯ ಮುಖ ಹೊಳೆಯಿತು.

“ನೋಡಿ ಭಾವ, ನಮ್ಮಜ್ಜಿ” ಎಂದಳು ಅಮ್ಮ, ದೀಪವನ್ನು ತನ್ನ ಕಡೆ ತಿರುಗಿಸಿಕೊಂಡು.

“ನಮ್ಮಜ್ಜಿ ಕಣೇ” ಎಂದು ಅಪ್ಪ ತಮ್ಮ ಕಡೆ ತಿರುಗಿಸಿಕೊಂಡರು. “ಅವಳ ಮೂಗು ಬಂದಿರೋದು ನಂಗೆ.”

“ಮೂಗು ನಿಮಗೆ, ಬುದ್ಧಿ ನಂಗೆ.”

ಪಕ್ಕದ ಮನೆಯವಳು ಕಿಟಕಿಯಾಚೆಯಿಂದ ಕೇಳಿದಳು: “ಏನಮ್ಮ ಅದು, ಯಾರ ಅಜ್ಜಿಗೆ ಇಷ್ಟು ಜಗಳ?”

“ಇಬ್ರದ್ದೂ” ಎಂದಳು ಪಿಸು, ಕಿಟಕಿ ದಾಟುವಷ್ಟು ದನಿಯಲ್ಲಿ. “ಬನ್ನಿ ಆಂಟಿ, ತೋರಿಸ್ತೀನಿ.”