ಕಿವಿ ಪರೀಕ್ಷೆಯ ಗಾಜು

ಮನೆಯವರೆಲ್ಲ ಅವಳನ್ನು ಮಹಾರಾಣಿ ಅಂತಲೇ ಕರೆಯುತ್ತಿದ್ದರು. ಒರಟು ಬಟ್ಟೆ ತಾಗಿದರೆ ಗುಳ್ಳೆ, ಚಪ್ಪಲಿ ಉಜ್ಜಿದರೆ ಗುಳ್ಳೆ, ಒಡೆದರೆ ಹುಣ್ಣು. ಹುಟ್ಟಿನಿಂದಲೇ ಬಂದ ಚರ್ಮದ ಕಾಯಿಲೆ. ತಂಗಿ ತೀರಿಕೊಂಡ ಮೇಲೆ ಹುಡುಗಿಯನ್ನು ಸಾಕಿದ ದೊಡ್ಡಮ್ಮ, "ಅರಮನೆಯಲ್ಲಿ ಹುಟ್ಟಬೇಕಾದವಳು ದಾರಿ ತಪ್ಪಿ ದರ್ಜಿ ಮನೆಗೆ ಬಂದೆ" ಎಂದು ನಗಿಸುತ್ತಲೇ ದಿನಾ ಬೆಳಿಗ್ಗೆ ಪಟ್ಟಿ ಬಿಚ್ಚಿ ಹೊಸದು ಕಟ್ಟುತ್ತಿದ್ದಳು.

ಈಗ ಆಸ್ಪತ್ರೆಯಲ್ಲಿ ಒಂದು ಪ್ರಯೋಗ ನಡೆದಿತ್ತು. ಸೋಂಕಿಗೆ ಕೊಡುವ ಹಳೇ ಆಂಟಿಬಯೋಟಿಕ್ ಇಂಜೆಕ್ಷನ್ನೇ. ಆದರೆ ಚರ್ಮದ ಪದರಗಳನ್ನು ಅಂಟಿಸಿ ಹಿಡಿಯುವ ಸತ್ವ ಇವಳ ಮೈಯಲ್ಲಿ ಅದರಿಂದ ಹುಟ್ಟೀತೇ ಎಂದು ನೋಡುವುದು. "ಕಿವಿಗೆ ಪೆಟ್ಟು ಬೀಳಬಹುದು, ಬಿತ್ತೋ ಆಗಲೇ ನಿಲ್ಲಿಸ್ತೀವಿ" ಎಂದಿದ್ದಳು ಡಾಕ್ಟರಮ್ಮ. ಅದಕ್ಕೇ ವಾರವಾರ ಕಿವಿ ಪರೀಕ್ಷೆ.

ಔಷಧ ಹಿಡಿಯಿತು. ಪಾದದ ಹುಣ್ಣು ಮಾಗಿ, ಹುಡುಗಿ ಜೀವನದಲ್ಲಿ ಮೊದಲ ಸಲ ಶೂ ಹಾಕಿಕೊಂಡಳು. ಟ್ಯಾಕ್ಸಿ ಆಫೀಸಿನಲ್ಲಿ ಫೋನಿಗೆ ಉತ್ತರ ಕೊಡುವ ಕೆಲಸಕ್ಕೆ ನಡೆದೇ ಹೋಗತೊಡಗಿದಳು.

ಒಂದು ಸಂಜೆ ಅವಳು ದೊಡ್ಡಮ್ಮ ತುಳಿಯುತ್ತಿದ್ದ ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಕೂತು ಶೂ ಒರೆಸುತ್ತಿದ್ದಳು. ಮಿಷನ್ನಿನ ಚಕ್ರ ಕಿಂಯ್ ಕಿಂಯ್ ಅನ್ನುತ್ತಿತ್ತು. ಮುಂಚೆ ಅಷ್ಟು ಕೇಳಿದರೆ ಸಾಕು, ಹಲ್ಲು ಜುಮ್ಮೆನ್ನುತ್ತದೆಂದು ರಂಪ ಮಾಡುತ್ತಿದ್ದಳು.

"ಎಣ್ಣೆ ಬಿಡೋದು ಬೇಡ್ವೇನೇ?"

"ಯಾಕೆ, ಚೆನ್ನಾಗೇ ಓಡ್ತಿದೆಯಲ್ಲ."

ದೊಡ್ಡಮ್ಮನ ಕಾಲು ಪೆಡಲಿನ ಮೇಲೇ ನಿಂತಿತು. ಹೋದ ವಾರವಷ್ಟೇ ಕಿವಿ ಸರಿಯಿದೆ ಅಂದಿದ್ದರು. ಅದು ಹೇಗೆ?

ಮುಂದಿನ ಪರೀಕ್ಷೆಯ ದಿನ ದೊಡ್ಡಮ್ಮ ಹೊರಗೆ ಬೆಂಚಿನಲ್ಲಿ ಕೂರದೆ ಒಳಕ್ಕೇ ನುಗ್ಗಿ ಒಂದು ಮೂಲೆ ಹಿಡಿದಳು. ಹುಡುಗಿ ಗಾಜಿನ ಕಿಟಕಿಯ ಆಚೆ, ಕಪಾಟಿನಷ್ಟೇ ದೊಡ್ಡ ಕೋಣೆಯಲ್ಲಿ, ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಈಚೆ ಪರೀಕ್ಷೆ ಮಾಡುವವಳು ಸದ್ದು ಬಿಡುವ ಗುಂಡಿ ಒತ್ತುತ್ತಿದ್ದಳು. ಆಚೆ ಹುಡುಗಿ ತನ್ನ ಗುಂಡಿ ಒತ್ತಿದರೆ ಈಚೆ 'ಕೇಳಿಸಿತು' ಎನ್ನುವ ದೀಪ ಹತ್ತುತ್ತಿತ್ತು. ಹುಡುಗಿಯ ಕಣ್ಣು ಇದ್ದದ್ದು ಪರೀಕ್ಷೆಯವಳ ಮೊಣಕೈ ಮೇಲೆ. ಮೊಣಕೈ ಅಲುಗಿತೋ, ದೀಪ ಹತ್ತಿತು.

ಕಳ್ಳಿ! ದೊಡ್ಡಮ್ಮನಿಗೆ ನಗುವೇ ಬಂತು. ಬಾಯಿ ಬಿಟ್ಟರೆ ಆ ಪಾದ ಮತ್ತೆ ಪಟ್ಟಿಯೊಳಗೆ. ಬಿಡದಿದ್ದರೆ ಫೋನಿನ ಕೆಲಸವೂ ಹೋಯಿತು, ಮಾತು ಕೇಳುವುದೂ ಹೋಯಿತು. ಎದ್ದಳು. ಹೋಗಿ ಗಾಜಿಗೆ ಅಡ್ಡಲಾಗಿ ನಿಂತಳು.

"ಅಮ್ಮಾ, ಸ್ವಲ್ಪ ಸರ್ಕೊಳ್ಳಿ."

"ಸೊಂಟ ಹಿಡ್ಕೊಂಡಿದೆ ತಾಯಿ. ನಿನ್ನ ಕೆಲಸ ನೀನು ಮಾಡು, ನನ್ನ ಬೆನ್ನೇನು ನಿನ್ನ ಮಿಷನ್ನಿಗೆ ಅಡ್ಡ ಬರುತ್ತಾ?"

ಪರೀಕ್ಷೆಯವಳು ಒತ್ತಿದಳು. ದೀಪ ಹತ್ತಲಿಲ್ಲ. ಮತ್ತೆ ಒತ್ತಿದಳು. ಹತ್ತಲಿಲ್ಲ.

ಡಾಕ್ಟರಮ್ಮ ಕಾಗದ ನೋಡಿ ಕನ್ನಡಕ ತೆಗೆದಳು. "ಇಂಜೆಕ್ಷನ್ ಇವತ್ತಿಗೇ ನಿಲ್ಲಿಸ್ತೀವಿ. ಕೀರಲು, ಸಿಳ್ಳೆಯಂಥ ಸದ್ದುಗಳು ಹೋಗಿವೆ, ಅವು ವಾಪಸ್ ಬರಲ್ಲ. ಮಾತು ಕೇಳಿಸೋದಕ್ಕೇನೂ ಆಗಿಲ್ಲ."

"ಇನ್ನೊಂದು ವಾರ ಕೊಡಿ ಡಾಕ್ಟರೇ. ಕಾಲು ಪೂರ್ತಿ ಮಾಗಲಿ," ಎಂದಳು ಹುಡುಗಿ.

"ಇಲ್ಲಮ್ಮ. ಮಾಗಿದ ಚರ್ಮ ಕೆಲವು ತಿಂಗಳು ನಿಂತೀತು. ಆಮೇಲೆ ಗೊತ್ತಿಲ್ಲ." ಮತ್ತೆ ಕಾಗದ ತಿರುವಿ, "ಹೋದ ವಾರದವರೆಗೂ ಚೆನ್ನಾಗೇ ಕೇಳಿಸ್ತಿತ್ತು. ಅಂದರೆ ಅಲ್ಲೀವರೆಗೆ ಭಯವಿಲ್ಲ. ಹೊರಗೆ ಕೂತಿದೆಯಲ್ಲ ಆ ಮಗು, ಅದಕ್ಕೂ ಇಷ್ಟೇ ವಾರ ಕೊಡಬಹುದು" ಎಂದಳು.

ಹುಡುಗಿ ಬಾಗಿಲ ಕಡೆ ನೋಡಿದಳು. ಹೊರಗೆ ಮೈತುಂಬ ಪಟ್ಟಿ ಸುತ್ತಿದ ಮಗು ಅಪ್ಪನ ತೊಡೆಯ ಮೇಲೆ ಕೂತು, ಅವನು ಹಾಕುತ್ತಿದ್ದ ಸಿಳ್ಳೆಗೆ ಕೇಕೆ ಹಾಕಿ ನಗುತ್ತಿತ್ತು.

ದೊಡ್ಡಮ್ಮ ಹುಡುಗಿಯ ಮುಖವನ್ನೇ ನೋಡಿದಳು. ಇದು ತಾನು ಹೇಳುವ ಮಾತಲ್ಲ.

"ಅದೆಲ್ಲ ಸುಳ್ಳು ಡಾಕ್ಟರೇ," ಹುಡುಗಿ ತಲೆ ತಗ್ಗಿಸಿ ಹೇಳಿದಳು. "ಎಷ್ಟೋ ವಾರದಿಂದ ನೋಡ್ಕೊಂಡು ಒತ್ತಿದ್ದೀನಿ. ಆ ಮಗುಗೆ ಅಷ್ಟು ಕೊಡಬೇಡಿ."

ಡಾಕ್ಟರಮ್ಮ ಬೈಯಲಿಲ್ಲ. ಎದ್ದು ಹೋಗಿ, ಮಗುವಿಗೆ ಅಂದು ಕೊಡಬೇಕಿದ್ದ ಇಂಜೆಕ್ಷನ್ ತಡೆಯಲು ನರ್ಸಿಗೆ ಹೇಳಿದಳು. ಗಾಜಿಗೆ ಪರದೆ ಹಾಕಿಸಿ ಅಂತಲೂ ಹೇಳಿದಳು.

ಹೊರಗೆ ಬೀದಿಯಲ್ಲಿ ಹುಡುಗಿ ಬಿರಬಿರನೆ ಮುಂದೆ ನಡೆದಳು. ದೊಡ್ಡಮ್ಮ ಏದುಸಿರು ಬಿಡುತ್ತ ಹಿಂದೆ.

"ನಿನ್ನ ಜೊತೆ ನಾನು ಮಾತಾಡಲ್ಲ," ಎಂದಳು ಹುಡುಗಿ, ತಿರುಗಿಯೂ ನೋಡದೆ.

"ಬೇಡ ಬಿಡು. ಮಾತು ನಾನಾಡ್ತೀನಿ. ನೀನು ಕೇಳಿಸ್ಕೋ, ಅಷ್ಟು ಸಾಕು."